'ಹಾಡು ಹೇಳು' ಅಂದವರ ಹಾಡು: ಅಡುಗೆಮನೆಯ ಐರಿಶ್ ರೆಕಾರ್ಡಿಂಗ್ ಮಿಕ್ಸ್ ಮಾಡಿದ 11 ಸಂಜೆ

ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಹಾಡಿದ ಒಂದು ಐರಿಶ್ ಹಾಡು. ಒಟ್ಟು 7 ಟ್ರ್ಯಾಕ್, ಅಂದರೆ ಬೇರೆ ಬೇರೆ ಮೈಕಿನಲ್ಲಿ ಹಿಡಿದ ಏಳು ಪದರ. ಉದ್ದ 4 ನಿಮಿಷ 20 ಸೆಕೆಂಡ್. ರೆಕಾರ್ಡ್ ಮಾಡಿದ್ದು ಅವರ ಅಡುಗೆಮನೆಯಲ್ಲಿ. ಮಿಕ್ಸ್, ಅಂದರೆ ಎಲ್ಲ ಪದರಗಳನ್ನೂ ಹೊಂದಿಸಿ ಒಂದೇ ಹಾಡು ಮಾಡುವ ಕೆಲಸ, ಮುಗಿಯಲು 11 ಸಂಜೆ ಬೇಕಾಯಿತು. ಅದರಲ್ಲಿ ಎರಡು ಸಂಜೆ ಕಳೆದುಹೋದ ಒಂದೇ ಒಂದು ಸ್ವರ ಹುಡುಕುವುದರಲ್ಲಿ ಹೋಯಿತು. ಆ ಸ್ವರದ ವಿಷಯವನ್ನು ಬಿಡಿಸಿ ಬರೆಯುತ್ತೇನೆ. ಮನೆಯಲ್ಲೇ ರೆಕಾರ್ಡ್ ಮಾಡುವ ಯಾರಿಗಾದರೂ ಇದು ಆಗಬಹುದು.

ನಾನಿರುವುದು ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ. ಗಾಲ್ವೇ ನಗರದಿಂದ ಕೊಲ್ಲಿಯ ದಂಡೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಸ್ಪಿಡಲ್ ಅಂತ ಊರು ಸಿಗುತ್ತದೆ. ಅಲ್ಲಿಂದ ಮುಂದೆ ಕಾನೆಮಾರಾ ಕಡೆಗೆ, ಐರಿಶ್ ಭಾಷೆ ಇನ್ನೂ ಮನೆಮಾತಾಗಿ ಉಳಿದಿರುವ ಊರುಗಳಿವೆ. ನಮ್ಮ ಪಕ್ಕದ ಮನೆಯವರು ಅಂಥ ಒಂದು ಊರಿನವರು. ವಯಸ್ಸು ಅರವತ್ತು ದಾಟಿದೆ. ತಾಯಿಯಿಂದ ಕಲಿತ ಒಂದು ಹಾಡನ್ನು ಬಾಸ್ಟನ್‌ನಲ್ಲಿರುವ ತಂಗಿಗೆ ಕಳಿಸುವ ಆಸೆ ಅವರಿಗೆ. ಫೋನಿನಲ್ಲಿ ಹಾಡಿ ಕಳಿಸಿದ್ದು ಸರಿಯಾಗಿ ಕೇಳಿಸಲಿಲ್ಲವಂತೆ. ನನ್ನ ಹತ್ತಿರ ಮೈಕು, ಅದನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್ ಇರುವುದು ಅವರಿಗೆ ಗೊತ್ತಿತ್ತು. ಒಂದು ಭಾನುವಾರ ಬಾಗಿಲು ತಟ್ಟಿದರು.

ಐರಿಶ್ ಭಾಷೆಯಲ್ಲಿ ಯಾರನ್ನಾದರೂ ಹಾಡಲು ಕರೆಯುವಾಗ 'ಅಬರ್ ಅವ್ರಾನ್' ಅಂತಾರೆ. ಪದಕ್ಕೆ ಪದ ಇಟ್ಟರೆ 'ಹಾಡು ಹೇಳು'. ಇದನ್ನು ಮೊದಲ ಸಲ ಕೇಳಿದಾಗ ನಂಗೆ ಮೈ ಜುಂ ಅಂದಿತ್ತು. ನಮ್ಮ ಮನೆಗಳಲ್ಲೂ 'ಒಂದು ಹಾಡು ಹೇಳಮ್ಮ' ಅಂತಲೇ ಕೇಳೋದು ಅಲ್ವಾ? ಈ ಮಿಕ್ಸ್‌ನಲ್ಲಿ ನಾನು ತೆಗೆದುಕೊಂಡ ತೀರ್ಮಾನಗಳೆಲ್ಲ ಕೊನೆಗೆ ಈ ಮಾತಿಗೇ ಬಂದು ನಿಂತವು. ಹಾಡು ಅಂದರೆ ಹೇಳುವಂಥದ್ದು. ಹೇಳಿದ್ದು ಕೇಳಿಸಬೇಕು.

ರೆಕಾರ್ಡಿಂಗ್ ದಿನ ಹೊರಗೆ ಜಿಟಿಜಿಟಿ ಮಳೆ. ಕಿಟಕಿ ಪಕ್ಕದ ಬೆಂಚಿನ ಮೇಲೆ ಅವರು, ಅವರ ಎಡಕ್ಕೆ ಗಿಟಾರ್ ಹಿಡಿದ ಮಗ. ಹಾಡಿಗೆ ಒಂದು ಕಂಡೆನ್ಸರ್ ಮೈಕ್, ಬಾಯಿಂದ 25 ಸೆಂಟಿಮೀಟರ್ ದೂರ. ಗಿಟಾರ್‌ಗೆ ಸಣ್ಣ ಕಂಡೆನ್ಸರ್, 12ನೇ ಫ್ರೆಟ್ ಕಡೆಗೆ. ಎದುರಿಗೆ ಎರಡು ಮೀಟರ್ ಆಚೆ, ಪಾತ್ರೆ ಜೋಡಿಸಿದ್ದ ಕಪಾಟಿನ ಹತ್ತಿರ ಒಂದು ಜೋಡಿ ಮೈಕ್. ಅವುಗಳ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಓಆರ್‌ಟಿಎಫ್ ಅಂತಾರಲ್ಲ, ಎಡ ಬಲ ಬೇರೆಯಾಗಿ ಹಿಡಿಯುವ ಅದೇ ಜೋಡಣೆ. ಫ್ರಿಜ್ ಆರಿಸಿ, ಕಾರಿನ ಕೀಲಿಯನ್ನು ಅದರೊಳಗೇ ಇಟ್ಟೆ. ಹೀಗೆ ಮಾಡಿದರೆ ಹೊರಡುವಾಗ ಫ್ರಿಜ್ ಮತ್ತೆ ಹಾಕೋದು ಮರೆಯೋದಿಲ್ಲ. ಮೆಟ್ರೊನೋಮ್ ಇಡಲಿಲ್ಲ. ಈ ಹಾಡಿಗೆ ಕಟ್ಟಿದ ತಾಳ ಇಲ್ಲ, ಉಸಿರೇ ಅಳತೆ. ಆಮೇಲೆ ನೋಡಿದರೆ ನಾಲ್ಕು ಚರಣಗಳು 48, 53, 51, 58 ಸೆಕೆಂಡ್ ಇದ್ದವು. ಹೇಳುವ ವಿಷಯ ಭಾರವಾದ ಹಾಗೆ ಹಾಡು ನಿಧಾನವಾಗಿತ್ತು.

ಮೂರು ದಿನ ಬಿಟ್ಟು ಮಗನ ಗೆಳೆಯರೊಬ್ಬರು ಬಂದು ಲೋ ವಿಸಲ್ ಮತ್ತು ಇಲ್ಲನ್ ಪೈಪ್ಸ್ ನುಡಿಸಿದರು. ಲೋ ವಿಸಲ್ ನೋಡಲು ಉದ್ದನೆಯ ಲೋಹದ ಕೊಳಲು. ಕೇಳಿದರೆ ನೂರಾರು ವರ್ಷ ಹಳೆಯದು ಅನ್ನಿಸುತ್ತದೆ. ನಿಜ ಅಂದರೆ ಇಂದಿನ ರೂಪದ ಲೋ ವಿಸಲ್ 1970ರ ದಶಕದ ಮೊದಲಲ್ಲಿ ಬರ್ನಾರ್ಡ್ ಓವರ್‌ಟನ್ ಅವರು ಫಿನ್ಬಾರ್ ಫ್ಯೂರಿ ಅವರಿಗಾಗಿ ಮಾಡಿಕೊಟ್ಟಿದ್ದರಿಂದ ಬಂದದ್ದು. ಇಲ್ಲನ್ ಪೈಪ್ಸ್ ಹಳೆಯ ವಾದ್ಯ. ಬಾಯಿಂದ ಊದುವುದಿಲ್ಲ, ಮೊಣಕೈಯಡಿಯ ತಿದಿಯಿಂದ ಗಾಳಿ ತುಂಬುತ್ತಾರೆ. 'ಇಲ್ಲನ್' ಅನ್ನುವ ಹೆಸರು ಬಂದದ್ದೇ ಮೊಣಕೈ ಅನ್ನುವ ಐರಿಶ್ ಪದದಿಂದ. ಅದರಲ್ಲಿ ಒಂದೇ ಸ್ವರ ಹಿಡಿದು ನಿಲ್ಲುವ ಮೂರು ಡ್ರೋನ್ ಕೊಳವೆಗಳಿವೆ. ಮೂರೂ 'ಡಿ' ಸ್ವರವೇ, ಬೇರೆ ಬೇರೆ ಸ್ಥಾಯಿಯಲ್ಲಿ. ತಂಬೂರಿ ಕೇಳಿ ಬೆಳೆದವರಿಗೆ ಇದರ ಕೆಲಸವನ್ನು ವಿವರಿಸಬೇಕಾಗಿಲ್ಲ. ಏಳನೇ ಟ್ರ್ಯಾಕ್ ಬೌರಾನ್, ಆಡಿನ ಚರ್ಮ ಬಿಗಿದ, ಕೈಯಲ್ಲಿ ಹಿಡಿದು ನುಡಿಸುವ ಬಳೆಯಾಕಾರದ ವಾದ್ಯ.

ಎಲ್ಲ 48 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ), 24 ಬಿಟ್. ಮಿಕ್ಸ್ ಮಾಡಿದ್ದು ರೀಪರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ.

ಮೊದಲ ಸಂಜೆ ಮಟ್ಟ ಏರಿಸಿ ಇಳಿಸುವ ಫೇಡರ್, ಎಡ ಬಲ ತಿರುಗಿಸುವ ಗುಂಡಿ ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ. ಸುಮ್ನೆ ಮಟ್ಟ ಹೊಂದಿಸಿ ಕೇಳಿದೆ. ಗಿಟಾರ್ ಎರಡು ಕಿವಿಗಳ ನಡುವೆ ಹರಡಿಕೊಂಡ ಹಾಗೆ, ಕೂತ ಜಾಗವೇ ಗೊತ್ತಾಗದ ಹಾಗೆ ಕೇಳುತ್ತಿತ್ತು. ಕಾರಣ ಬೇಗ ಸಿಕ್ಕಿತು. ಮಗ ಕೂತಿದ್ದು ಅಮ್ಮನ ಎಡಕ್ಕೆ, ಅಂದರೆ ಎದುರಿನ ಜೋಡಿ ಮೈಕಿಗೆ ಬಲಕ್ಕೆ. ನಾನು ಗಿಟಾರ್ ಟ್ರ್ಯಾಕನ್ನು ಎಡಕ್ಕೆ ತಿರುಗಿಸಿದ್ದೆ. ಹತ್ತಿರದ ಮೈಕ್ ಎಡ ಅನ್ನುತ್ತಿತ್ತು, ಕೋಣೆಯ ಮೈಕ್ ಬಲ ಅನ್ನುತ್ತಿತ್ತು. ಬಲಕ್ಕೆ ಶೇಕಡಾ 20ರಷ್ಟು ತಿರುಗಿಸಿದ ತಕ್ಷಣ ಗಿಟಾರ್ ತನ್ನ ಜಾಗದಲ್ಲಿ ಕೂತಿತು. ಜೋಡಿ ಮೈಕ್ ಇಟ್ಟಿದ್ದರೆ ಮೊದಲು ಅದೊಂದನ್ನೇ ಕಣ್ಣು ಮುಚ್ಚಿ ಕೇಳಿ. ಯಾರು ಎಲ್ಲಿ ಕೂತಿದ್ದಾರೆ ಅಂತ ಅದೇ ಹೇಳುತ್ತದೆ.

ಈಗ ಆ ಸ್ವರದ ವಿಷಯ. ಹಾಡಿನ ಆಧಾರ ಸ್ವರ 'ಡಿ'. ಸ್ವರಗಳನ್ನು ಜೋಡಿಸಿ ನೋಡಿದರೆ ನಮ್ಮ ಖಮಾಜ್ ಥಾಟು, ಅಥವಾ ಹರಿಕಾಂಭೋಜಿ: ಎಲ್ಲ ಶುದ್ಧ, ನಿಷಾದ ಮಾತ್ರ ಕೋಮಲ. ಪ್ರತಿ ಚರಣದ ಮೂರನೇ ಸಾಲಿನಲ್ಲಿ ಅವರು ಷಡ್ಜದಿಂದ ಕೆಳಗಿಳಿದು ಮಂದ್ರದ ಕೋಮಲ ನಿಷಾದದ ಮೇಲೆ ಒಂದು ಗಳಿಗೆ ನಿಲ್ಲುತ್ತಾರೆ. ಇಡೀ ಹಾಡಿನ ನೋವು ಇರುವುದು ಅಲ್ಲಿ. ಮಿಕ್ಸ್‌ನಲ್ಲಿ ಅದೇ ಸ್ವರ ತೆಳ್ಳಗೆ, ಎದೆಯಿಲ್ಲದ ಹಾಗೆ ಕೇಳುತ್ತಿತ್ತು. ಮೊದಲು ದನಿಯೇ ಅಲ್ಲಿ ಸೋತಿದೆ ಅಂದುಕೊಂಡೆ. ಈಕ್ಯೂನಲ್ಲಿ (ಬೇಕಾದ ಕಂಪನಗಳನ್ನಷ್ಟೇ ಏರಿಸಿ ಇಳಿಸುವ ಸಾಧನ) 250 ಹರ್ಟ್ಜ್ ಸುತ್ತ 4 ಡೆಸಿಬೆಲ್ ಏರಿಸಿದೆ. ಉಳಿದ ಸ್ವರಗಳೆಲ್ಲ ಮಂಕಾದವು, ಅದು ಮಾತ್ರ ಹಾಗೇ ಇತ್ತು. ಒಂದು ಸಂಜೆ ಇದರಲ್ಲೇ ಹೋಯಿತು.

ಮಾರನೆಯ ದಿನ ದನಿಯ ಟ್ರ್ಯಾಕ್ ಒಂದನ್ನೇ ಸೋಲೋ ಮಾಡಿದೆ. ನಿಷಾದ ತುಂಬಿಕೊಂಡು ಕೇಳಿಸಿತು! ಗಿಟಾರ್ ಸೇರಿಸಿದೆ, ಹೋಯಿತು. ಗಿಟಾರಿನ ಪೊಲಾರಿಟಿ ತಿರುಗಿಸಿದೆ, ಅಂದರೆ ಅಲೆಯ ಏರು ಇಳಿವನ್ನು ಅದಲುಬದಲು ಮಾಡಿದೆ, ಮಂದ್ರದ ನಿಷಾದ ವಾಪಸ್ ಬಂತು, ಆದರೆ ಒಂದು ಸ್ಥಾಯಿ ಮೇಲಿನ ನಿಷಾದ ತೆಳುವಾಯಿತು. ಆಗ ಗೊತ್ತಾಯಿತು. ಗಿಟಾರ್ ಮೈಕಿನೊಳಗೂ ಅವರ ದನಿ ಬಿದ್ದಿತ್ತು, ಸ್ವಲ್ಪ ತಡವಾಗಿ. ಎರಡೂ ಸೇರಿದಾಗ ಕೆಲವು ಕಂಪನಗಳು ಒಂದನ್ನೊಂದು ತಿಂದುಹಾಕುತ್ತಿದ್ದವು.

ಲೆಕ್ಕ ಹೀಗಿದೆ. ಒಂದು ಗಟ್ಟಿ 'ಕ' ಅಕ್ಷರ ಹುಡುಕಿ, ಎರಡೂ ಟ್ರ್ಯಾಕಿನ ಅಲೆಗಳನ್ನು ಹಿಗ್ಗಿಸಿ ನೋಡಿದೆ. ಗಿಟಾರ್ ಮೈಕಿನಲ್ಲಿ ಅದು 91 ಸ್ಯಾಂಪಲ್ ತಡ. 48 ಕಿಲೋಹರ್ಟ್ಜ್‌ನಲ್ಲಿ ಅದು 1.9 ಮಿಲಿಸೆಕೆಂಡ್. ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತದೆ, ಅಂದರೆ 65 ಸೆಂಟಿಮೀಟರ್ ಜಾಸ್ತಿ ದೂರ. ಪಕ್ಕದ ಮನೆಗೆ ಟೇಪ್ ಹಿಡಿದು ಹೋಗಿ ಬೆಂಚಿನ ಮೇಲೆ ಅಳೆದೆ. ಬಾಯಿಂದ ಒಂದು ಮೈಕಿಗೆ 25, ಇನ್ನೊಂದಕ್ಕೆ 90. ಸರಿಹೋಯಿತು. ಇಷ್ಟು ತಡವಾದರೆ ಮೊದಲ ಕುಳಿ, ಅಂದರೆ ಸದ್ದು ತಿಂದುಹೋಗುವ ಜಾಗ, ಬೀಳುವುದು 264 ಹರ್ಟ್ಜ್‌ನಲ್ಲಿ. ಆ ಕೋಮಲ ನಿಷಾದ, ಅಂದರೆ 'ಸಿ' ಸ್ವರ ಇರುವುದು 262ರ ಹತ್ತಿರ. ಹಾಡಿನ ಅತಿ ಮುಖ್ಯ ಸ್ವರದ ಮೇಲೇ ಕುಳಿ ಬಿದ್ದಿತ್ತು.

ತಪ್ಪು ನನ್ನದೇ. ಗಿಟಾರ್ ಮೈಕಿನ ಬೆನ್ನನ್ನು ಕಿಟಕಿಗೆ ತಿರುಗಿಸಿದ್ದೆ, ಮಳೆ ಸದ್ದು ಕಡಿಮೆಯಾಗಲಿ ಅಂತ. ಬೆನ್ನು ತಿರುಗಿಸಬೇಕಾಗಿದ್ದು ಹಾಡುವವರ ಕಡೆಗೆ. ಮೈಕಿನ ಕಿವುಡು ಬದಿ ಇರುವುದು ಪಕ್ಕದಲ್ಲಿರುವ ಇನ್ನೊಬ್ಬರ ಸದ್ದಿಗಾಗಿ.

ಮದ್ದು ಸರಳ. ಗಿಟಾರ್ ಟ್ರ್ಯಾಕನ್ನು 91 ಸ್ಯಾಂಪಲ್ ಮುಂಚೆ ಬರುವ ಹಾಗೆ ಎಳೆದೆ. ಇದಕ್ಕೂ ಒಂದು ಬೆಲೆ ಇದೆ. ದನಿಯ ಮೈಕಿನೊಳಗೆ ಬಿದ್ದಿರುವ ಗಿಟಾರ್ ಈಗ ಇನ್ನಷ್ಟು ತಡವಾಗುತ್ತದೆ. ಎರಡನ್ನೂ ಒಟ್ಟಿಗೆ ಸರಿಮಾಡಲು ಆಗುವುದಿಲ್ಲ. ಅದೃಷ್ಟಕ್ಕೆ ದನಿಯ ಮೈಕಿನ ಬೆನ್ನು ಗಿಟಾರಿನ ಕಡೆಗಿತ್ತು, ಅದರಲ್ಲಿ ಗಿಟಾರ್ 18 ಡೆಸಿಬೆಲ್ ಕೆಳಗಿತ್ತು. ಹಾಗಾಗಿ ಕೆಡುಕು ಹೆಚ್ಚೆಂದರೆ ಒಂದು ಡೆಸಿಬೆಲ್ ಆಸುಪಾಸು. ಯಾವ ಸೋರಿಕೆ ಜೋರಾಗಿದೆಯೋ ಅದನ್ನು ಸರಿಮಾಡಿ. ಕೋಣೆಯ ಜೋಡಿ ಮೈಕನ್ನೂ ಹೀಗೇ ಎಳೆದು ನೋಡಿದೆ, ಚೆನ್ನಾಗಿರಲಿಲ್ಲ. ಅದು ಸುಮಾರು 5 ಮಿಲಿಸೆಕೆಂಡ್ ತಡವಾಗಿ ಬಂದರೇನೇ ಅಡುಗೆಮನೆಗೆ ಉದ್ದ ಅಗಲ ಇರುತ್ತದೆ.

ನಾಲ್ಕನೇ ಸಂಜೆ ಗುಂಯ್ ಅನ್ನುವ ಕರೆಂಟಿನ ಸದ್ದು. ಗಿಟಾರ್ ಮೈಕಿನ ಕೇಬಲ್ ಒಂದು ಅಡಾಪ್ಟರ್ ಪಕ್ಕದಲ್ಲಿ ಹೋಗಿತ್ತು. ಇಲ್ಲೂ ನಮ್ಮೂರಿನ ಹಾಗೆ 50 ಹರ್ಟ್ಜ್ ಕರೆಂಟು, ಜೊತೆಗೆ ಅದರ ಮಡಿಗಳಾದ 100, 150. ಗಿಟಾರಿನ ಅತಿ ಕೆಳಗಿನ ತಂತಿ 73 ಹರ್ಟ್ಜ್, ಹಾಗಾಗಿ 50ನ್ನು ಹೈಪಾಸ್ (ಕೆಳಗಿನ ಕಂಪನಗಳನ್ನು ತಡೆಯುವ ಫಿಲ್ಟರ್) ಹಾಕಿ ತೆಗೆಯಬಹುದು. 150ರದ್ದು ಮಾತ್ರ ಕಷ್ಟ. ಮಧ್ಯದ 'ಡಿ' ತಂತಿ 146.8ರಲ್ಲಿದೆ. ಎರಡೂ ಸೇರಿ ಸೆಕೆಂಡಿಗೆ ಮೂರು ಸಲ ವ್ವ, ವ್ವ, ವ್ವ ಅಂತ ಅಲುಗುತ್ತಿತ್ತು. ಅಗಲವಾದ ನಾಚ್ (ಒಂದು ಕಂಪನವನ್ನು ಕತ್ತರಿಸುವ ಫಿಲ್ಟರ್) ಹಾಕಿದರೆ ತಂತಿಯೂ ಸಾಯುತ್ತದೆ. ಸೂಜಿಯಂಥ ನಾಚ್ ಹಾಕಿದೆ, ಅದೂ ಗಿಟಾರ್ ಸುಮ್ಮನಿರುವ, ಇಲ್ಲವೇ ತಂತಿಯ ನಾದ ಆರುತ್ತಿರುವ ಜಾಗಗಳಲ್ಲಿ ಮಾತ್ರ. ಜೋರಾಗಿ ನುಡಿಸುವಾಗ ಆ ಸದ್ದು ತಾನಾಗೇ ಮುಚ್ಚಿಹೋಗುತ್ತದೆ.

ಐದನೇ ಸಂಜೆ ಶ್ರುತಿಯ ಕೆಲಸ. ಇದರ ಬಗ್ಗೆ ನಂಗೆ ಗಟ್ಟಿ ಅಭಿಪ್ರಾಯ ಇದೆ. ಪಿಚ್ ತಿದ್ದುವ ಪ್ಲಗ್‌ಇನ್ ತೆರೆದು ನೋಡಿದರೆ, ಅವರ ಗಾಂಧಾರ ಪ್ರತಿ ಸಲವೂ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಕೆಳಗಿದೆ ಅಂತ ಕೆಂಪು ಗೆರೆ ತೋರಿಸಿತು. ಅದು ತಪ್ಪಲ್ಲ. ಪೈಪ್ಸ್‌ನ ಕೆಳಗಿನ ಡ್ರೋನ್ 73.4 ಹರ್ಟ್ಜ್. ಅದರ ಐದು ಪಟ್ಟು 367. ಆ ಡ್ರೋನಿನ ಒಳಗೇ ಹುಟ್ಟುವ ಗಾಂಧಾರ ಅದು. ತಂಬೂರಿಯ ಖರ್ಜ ತಂತಿಯಲ್ಲಿ ಕಿವಿಯಿಟ್ಟರೆ ಕೇಳುತ್ತದಲ್ಲ, ಅದೇ. ಕೀಬೋರ್ಡಿನ ಗಾಂಧಾರ 370ರಲ್ಲಿದೆ. ಅವರು ಹಾಡಿದ್ದು 367ಕ್ಕೆ. ಹಾಡಿದ ದಿನ ಪೈಪ್ಸ್ ಇರಲೇ ಇಲ್ಲ! ಮನಸ್ಸಿನಲ್ಲಿ ಶ್ರುತಿ ಇಟ್ಟುಕೊಂಡೇ ಹಾಡಿದ್ದರು. ತಿದ್ದಿದ್ದರೆ ಅದು ಕೆಟ್ಟುಹೋಗುತ್ತಿತ್ತು. ಗಿಟಾರಿನ ಫ್ರೆಟ್‌ಗಳು ಕೀಬೋರ್ಡಿನ ಲೆಕ್ಕದವೇ. ಆದರೆ ಮಗ ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಅಂತ ಕಟ್ಟಿದ್ದ. ಬಿಡಿ ತಂತಿಗಳಲ್ಲಿ ಗಾಂಧಾರವೇ ಇಲ್ಲ, ಬರೀ ಷಡ್ಜ, ಪಂಚಮ, ಮಧ್ಯಮ. ಈ ಶ್ರುತಿ ಇಲ್ಲಿನ ಹಾಡುಗಳಿಗೆ ಇಷ್ಟು ಹೊಂದಿಕೊಳ್ಳಲು ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಗಾಂಧಾರವನ್ನು ಹಾಡುವವರಿಗೆ ಬಿಟ್ಟುಕೊಡುತ್ತದೆ.

ತಿದ್ದಿದ್ದು ಡ್ರೋನನ್ನು. ಒಲೆಯ ಕಾವಿಗೆ ಅದರ ರೀಡ್ ಹಾಡಿನ ಅರ್ಧದಿಂದಾಚೆ ಸರಿದು, 6 ಸೆಂಟ್ ಮೇಲೆ ಹೋಗಿತ್ತು. ಆ ಟ್ರ್ಯಾಕನ್ನು ಮೂರು ತುಂಡು ಮಾಡಿ, ಒಂದೊಂದನ್ನೂ ಅಷ್ಟಷ್ಟೇ ಇಳಿಸಿದೆ. ಶ್ರುತಿಪೆಟ್ಟಿಗೆ ಹಾಡುವವರನ್ನು ಹಿಂಬಾಲಿಸಬೇಕು, ಅಷ್ಟೇ.

ಬೌರಾನ್ ತೆಗೆದುಹಾಕಿದೆ. ಚೆನ್ನಾಗಿ ನುಡಿಸಿದ್ದರು. ತೇವಕ್ಕೆ ಚರ್ಮ ಸಡಿಲವಾಗಿದ್ದಕ್ಕೆ, ನಮ್ಮಲ್ಲಿ ತಮಟೆ ಕಾಯಿಸಿದ ಹಾಗೆ ಒಲೆಯ ಹತ್ತಿರ ಹಿಡಿದು ಹದ ಮಾಡಿಕೊಂಡಿದ್ದರು. ಆದರೂ ಉಸಿರಿನ ಮೇಲೆ ನಡೆಯುವ ಹಾಡಿಗೆ ಪೆಟ್ಟು ಬಿದ್ದ ತಕ್ಷಣ, ಮುಂದಿನ ಪೆಟ್ಟು ಯಾವಾಗ ಅಂತ ಕಿವಿ ಕಾಯಲು ಶುರುಮಾಡುತ್ತದೆ. ಮಗನಿಗೆ ಬೇಜಾರಾಯಿತು. ಎರಡೂ ಮಿಕ್ಸ್ ಕೇಳಿಸಿದೆ. "ಇಲ್ಲದೇ ಇರೋದೇ ಸರಿ" ಅಂದ.

ಆರರಿಂದ ಒಂಬತ್ತನೇ ಸಂಜೆವರೆಗೆ ದನಿಯ ಕೆಲಸ. ಮೊದಲು ಅಭ್ಯಾಸದಂತೆ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) ಹಾಕಿದೆ. ತಗ್ಗಿಸುವ ಅನುಪಾತ 3:1, ಅಟ್ಯಾಕ್, ಅಂದರೆ ಹಿಡಿತ ಬೀಳಲು ಬೇಕಾದ ಹೊತ್ತು, 5 ಮಿಲಿಸೆಕೆಂಡ್. ಕಾನೆಮಾರಾದ ಹಳೆಯ ಶೈಲಿಗೆ ಶಾನ್ ನೋಸ್ ಅಂತ ಹೆಸರು. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಗಂಟಲಲ್ಲೇ ಸಣ್ಣ ಸಣ್ಣ ಸುತ್ತು ಹಾಕುತ್ತಾರೆ. ನಮ್ಮ ಮುರ್ಕಿಗೆ ಹತ್ತಿರ ಅನ್ನಬಹುದು. ಆ ಸುತ್ತುಗಳಲ್ಲಿ ಒಂದು ಸ್ವರ ಜೋರು, ಪಕ್ಕದ್ದು ಮೆಲ್ಲಗೆ. ಕಂಪ್ರೆಸರ್ ಎರಡನ್ನೂ ಒಂದೇ ಮಟ್ಟಕ್ಕೆ ತಂದಿತು. ಸುತ್ತು ಹೋಗಿ ಬರೀ ನಡುಕ ಉಳಿಯಿತು. ಅಟ್ಯಾಕ್ 30ಕ್ಕೆ ಏರಿಸಿದೆ, ಅನುಪಾತ 2ಕ್ಕೆ ಇಳಿಸಿದೆ. ಸ್ವಲ್ಪ ವಾಸಿ ಅನ್ನಿಸಿತು, ಸಾಲಲಿಲ್ಲ. ಕೊನೆಗೆ ಪೂರ್ತಿ ತೆಗೆದು, ಕೈಯಲ್ಲೇ ಫೇಡರ್ ಎಳೆದೆ. ಪದ ಪದಕ್ಕೂ. ಒಂದು ಡೆಸಿಬೆಲ್ ಮೇಲೆ, ಅರ್ಧ ಕೆಳಗೆ. ಚರಣಕ್ಕೆ ಒಂದು ಸಂಜೆ ಬೇಕಾಯಿತು. ಇದಕ್ಕೆ ಅಡ್ಡದಾರಿ ನಂಗೆ ಸಿಗಲಿಲ್ಲ.

ಇನ್ನೊಂದು ಪಾಠ ಡೀ-ಎಸ್ಸರ್‌ನಿಂದ ಬಂತು. 'ಶ' ಸದ್ದು ಚುಚ್ಚುತ್ತಿದೆ ಅಂತ 6 ಕಿಲೋಹರ್ಟ್ಜ್ ಹತ್ತಿರ ಹಾಕಿದ್ದೆ. ಒಂಬತ್ತನೇ ಸಂಜೆ ಅವರನ್ನು ಕರೆದು ಕೇಳಿಸಿದೆ. ಎರಡನೇ ಚರಣದಲ್ಲಿ ಕೈ ಎತ್ತಿ ನಿಲ್ಲಿಸಿದರು.

"ಇಲ್ಲಿ ನಾನು ಎಷ್ಟು ದೋಣಿ ಅಂದಿದ್ದೀನಿ?" ಅಂತ ಕೇಳಿದರು.

"ಒಂದು ಅಲ್ವಾ?"

"ಅಲ್ಲ, ದೋಣಿಗಳು. ನೀನು ನನ್ನ ದೋಣಿಗಳನ್ನ ಒಂದೇ ಮಾಡಿಬಿಟ್ಟೆ."

ಐರಿಶ್‌ನಲ್ಲಿ ದೋಣಿಗೆ 'ಬಾಡ್' ಅಂತಾರೆ. ಈ ಪದದ ಬಹುವಚನಕ್ಕೆ ನಮ್ಮ 'ಗಳು' ಥರ ಬಾಲ ಸೇರಿಸುವುದಿಲ್ಲ. ಕೊನೆಯ ವ್ಯಂಜನವನ್ನು ನಾಲಿಗೆ ಅಂಗುಳಕ್ಕೆ ಒತ್ತಿ ಮೆದು ಮಾಡುತ್ತಾರೆ, ಅಷ್ಟೇ. ಆ ಮೆದುತನ ಇರುವುದು ಮೇಲಿನ ಕಂಪನಗಳ ಒಂದು ಚೂರು ಉಸಿರಿನಲ್ಲಿ. ನನ್ನ ಡೀ-ಎಸ್ಸರ್ ಅದನ್ನೇ ಒರೆಸಿಹಾಕಿತ್ತು. ಕಡಲಿಗೆ ಹೋದ ದೋಣಿಗಳಲ್ಲಿ ಒಂದು ವಾಪಸ್ ಬರಲಿಲ್ಲ ಅನ್ನುವುದು ಹಾಡಿನ ಕಥೆ. ಒಂದೇ ದೋಣಿ ಅಂದರೆ ಕಥೆಯೇ ಬೇರೆ. ಅವತ್ತೇ ಡೀ-ಎಸ್ಸರ್ ತೆಗೆದೆ. ನಿಜವಾಗಿ ಚುಚ್ಚುತ್ತಿದ್ದ ಐದು 'ಶ'ಗಳನ್ನು ಹುಡುಕಿ, ಒಂದೊಂದನ್ನೂ ಕೈಯಲ್ಲಿ 2 ಡೆಸಿಬೆಲ್ ಇಳಿಸಿದೆ. ಅರ್ಥ ಗೊತ್ತಿಲ್ಲದ ಭಾಷೆಯ ಹಾಡು ಮಿಕ್ಸ್ ಮಾಡುವಾಗ ಪಕ್ಕದಲ್ಲಿ ಆ ಭಾಷೆಯವರು ಕೂತಿರಲೇಬೇಕು.

ಗಿಟಾರಿನಲ್ಲಿ 180 ಹರ್ಟ್ಜ್ ಹತ್ತಿರ ಮಡಕೆಯೊಳಗಿನ ಗುಮ್ಮು ಇತ್ತು, 3 ಡೆಸಿಬೆಲ್ ಇಳಿಸಿದೆ. ವಿಸಲ್‌ನ ಮೇಲಿನ ಸ್ಥಾಯಿ 3 ಕಿಲೋಹರ್ಟ್ಜ್‌ನಲ್ಲಿ ಕೀರಲಾಗುತ್ತಿತ್ತು, 2 ಡೆಸಿಬೆಲ್ ಕಡಿಮೆ ಮಾಡಿದೆ. ವಿಸಲ್ ಎಲ್ಲೂ ಪದಗಳ ಮೇಲೆ ಬರುವುದಿಲ್ಲ, ಸಾಲುಗಳ ನಡುವೆ ಮಾತ್ರ.

ರಿವರ್ಬ್, ಅಂದರೆ ಸದ್ದಿನ ಅನುರಣನ. ಐರಿಶ್ ಹಾಡು ಅಂದ ತಕ್ಷಣ ದೊಡ್ಡ ಚರ್ಚಿನ ಗುಂಯ್‌ಗುಡುವಿಕೆ ಹಾಕುವ ಚಾಳಿ ಇದೆ. ನಾನೂ ಮೊದಲ ವಾರ 3.5 ಸೆಕೆಂಡಿನದು ಹಾಕಿಟ್ಟಿದ್ದೆ. ಕೇಳಲು ಹಿತವಾಗಿತ್ತು. ಆದರೆ ಒಂದು ಪದದ ಬಾಲ ಮುಂದಿನ ಪದದ ಮೇಲೆ ಮಲಗುತ್ತಿತ್ತು. ಈ ಹಾಡನ್ನು ಅವರ ತಾಯಿ ಹೇಳಿದ್ದು ಒಲೆಯ ಮುಂದೆ, ಹತ್ತು ಜನರ ಎದುರಿಗೆ. ಹಾಗಾಗಿ ಕೋಣೆಯ ಜೋಡಿ ಮೈಕನ್ನೇ ದನಿಗಿಂತ 12 ಡೆಸಿಬೆಲ್ ಕೆಳಗೆ ಇಟ್ಟೆ. ಪೈಪ್ಸ್ ಮತ್ತು ವಿಸಲ್ ಬೇರೆ ದಿನದವು, ಕೋಣೆಗೆ ಅಂಟಬೇಕಲ್ಲ. ಅದಕ್ಕಾಗಿ 1.1 ಸೆಕೆಂಡಿನ ಸಣ್ಣ ಪ್ಲೇಟ್ ರಿವರ್ಬ್, ಪ್ರೀ-ಡಿಲೇ (ಅನುರಣನ ಶುರುವಾಗುವ ಮುಂಚಿನ ಬಿಡುವು) 35 ಮಿಲಿಸೆಕೆಂಡ್. ದನಿಗೂ ಅದರಿಂದ ಒಂದು ಚಿಟಿಕೆ ಕೊಟ್ಟೆ. ತೆಗೆದರೆ ಗೊತ್ತಾಗಬೇಕು, ಇದ್ದಾಗ ಗೊತ್ತಾಗಬಾರದು, ಅಷ್ಟು.

ಹತ್ತನೇ ಸಂಜೆ ಒಟ್ಟು ಮಟ್ಟ. ಸ್ಟ್ರೀಮಿಂಗ್‌ಗೆ ಮೈನಸ್ 14 ಲಫ್ಸ್ (ಹಾಡಿನ ಒಟ್ಟು ಜೋರಿನ ಅಳತೆ) ಅಂತಾರೆ. ಅಲ್ಲಿಗೆ ಏರಿಸಲು, ಮಿತಿ ಮೀರುವ ಸದ್ದನ್ನು ತಡೆಯುವ ಲಿಮಿಟರ್ ಒತ್ತಿದರೆ ಗಿಟಾರಿನ ತಂತಿ ಮೀಟುವ ಮೊನೆಗಳು ಮೊಂಡಾಗುತ್ತಿದ್ದವು. ಮೈನಸ್ 17ರಲ್ಲೇ ಬಿಟ್ಟೆ. ಜೋರು ಬೇಕಾದವರು ವಾಲ್ಯೂಮ್ ಏರಿಸಿಕೊಳ್ಳಲಿ. ಫೋನಿನಲ್ಲಿ, ಕಾರಿನಲ್ಲಿ ಕೇಳಿದೆ. ಕಾರಿನಲ್ಲಿ ಡ್ರೋನ್ ಜಾಸ್ತಿ ಅನ್ನಿಸಿತು, ಒಂದು ಡೆಸಿಬೆಲ್ ಇಳಿಸಿದೆ.

ಹನ್ನೊಂದನೇ ಸಂಜೆ ಅವರ ಅಡುಗೆಮನೆಯಲ್ಲೇ, ಕಪಾಟಿನ ಮೇಲಿನ ಹಳೆಯ ಸ್ಪೀಕರಿನಲ್ಲಿ ಹಾಕಿದೆ. ಹಾಡಿಗೆ ಮೊದಲು ಆರು ಸೆಕೆಂಡ್ ಮಳೆ ಸದ್ದು ಉಳಿಸಿಕೊಂಡಿದ್ದೆ, ಜೊತೆಗೆ ಅವರು ಬೆಂಚಿನ ಮೇಲೆ ಸರಿದು ಕೂತ ಕಿರ್ ಅನ್ನುವ ಸದ್ದು. ಕೈಯೊರೆಸುವ ಬಟ್ಟೆ ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದರು. ದೋಣಿಗಳ ಸಾಲು ಬಂದಾಗ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಕೊನೆಯ ಚರಣದ ಒಂದು ಹೆಸರು ಮಾತ್ರ ಇನ್ನೂ ಸ್ವಲ್ಪ ಮೇಲೆ ಬರಲಿ ಅಂದರು, ಅದು ತಂಗಿಗೆ ಕೇಳಿಸಬೇಕಂತೆ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಒಂದು ಡೆಸಿಬೆಲ್ ಏರಿಸಿ, ಫೈಲ್ ಮಾಡಿ ಬಾಸ್ಟನ್‌ಗೆ ಕಳಿಸಿದೆ. ಮುಂದಿನ ವಾರ ಇನ್ನೊಂದು ಹಾಡು ಹೇಳುತ್ತಾರಂತೆ. ಈ ಸಲ ಗಿಟಾರ್ ಇಲ್ಲ, ಒಂದೇ ಮೈಕು.